ಔಷಧಿ ಅಂಗಡಿಯಲ್ಲಿ ಪ್ರಮಾದ ಮತ್ತು ಹಿಂಸೆ

ಔಷಧಿ ಅಂಗಡಿಯಲ್ಲಿ ಆಗುವ ಹಾನಿಗಳಲ್ಲಿ ಹೆಚ್ಚಿನವು ಯಾರೂ ಬಯಸಿ ಮಾಡಿದವಲ್ಲ. 2.5 ಮಿಲಿಗ್ರಾಂ ಮಾತ್ರೆಯ ಬದಲು 10 ಮಿಲಿಗ್ರಾಂನದು ಕೈಗೆ ಬಂದಿರುತ್ತದೆ. ಕರೆಂಟ್ ಹೋಗಿ ಫ್ರಿಜ್ಜಿನೊಳಗಿನ ಇನ್ಸುಲಿನ್ ಕೆಟ್ಟಿರುತ್ತದೆ. ಅವಧಿ ಮುಗಿದ ಸಿರಪ್ ಬಾಟಲಿ ಹೊಸ ಸ್ಟಾಕಿನ ಹಿಂದೆ ಉಳಿದುಬಿಟ್ಟಿರುತ್ತದೆ. ಕೊಟ್ಟವನಿಗೆ ರೋಗಿಯ ಮೇಲೆ ದ್ವೇಷವಿಲ್ಲ, ಆ ತಪ್ಪಿನಿಂದ ಲಾಭವಿಲ್ಲ, ಎಷ್ಟೋ ಸಲ ತಪ್ಪಾಯಿತೆಂಬ ಅರಿವೂ ಇಲ್ಲ. ಹೀಗೆ ಬಯಸದೆ ಆದ ಹಾನಿಯನ್ನು ಹಿಂಸೆ ಎನ್ನಬಹುದೆ? ಹಾನಿ ಆಗಲೇ ಇಲ್ಲ, ಅದೃಷ್ಟವಶಾತ್ ತಪ್ಪಿಹೋಯಿತು ಎಂದಾದರೆ ಅಲ್ಲಿ ದೋಷವೇನಾದರೂ ಉಳಿಯುತ್ತದೆಯೆ? ಅಂಗಡಿಯ ಸುರಕ್ಷತೆ, ಗುಣಮಟ್ಟಗಳ ವಿಚಾರವನ್ನು ಡ್ರಗ್ ಇನ್‌ಸ್ಪೆಕ್ಟರರ ಪಾಲಿಗೆ ಬಿಟ್ಟು ಸುಮ್ಮನಾಗುವುದು ರೂಢಿ. ಆದರೆ ಆ ನಿಯಮಗಳ ಬುಡದಲ್ಲಿರುವುದು ಧರ್ಮದ ಪ್ರಶ್ನೆಯೇ. ಅದನ್ನು ಎಲ್ಲರಿಗಿಂತ ನೇರವಾಗಿ ಎತ್ತಿಕೊಂಡದ್ದು ಜೈನ ದರ್ಶನ.

ಉಮಾಸ್ವಾತಿಗಳ ‘ತತ್ತ್ವಾರ್ಥಸೂತ್ರ’ ಹಿಂಸೆಯ ಲಕ್ಷಣ ಹೇಳುವಾಗ ಪ್ರಾಣಹಾನಿಯೊಂದನ್ನೇ ಹೇಳಿ ಬಿಡುವುದಿಲ್ಲ. ಪ್ರಮಾದದಿಂದ, ಅಂದರೆ ಎಚ್ಚರಗೇಡಿತನದಿಂದ, ಕೂಡಿದ ಮನಸ್ಸು, ಮಾತು, ಮೈಗಳ ಚಟುವಟಿಕೆಯಿಂದ ಆಗುವ ಪ್ರಾಣಹಾನಿ ಹಿಂಸೆ ಎನ್ನುತ್ತದೆ. ಕುಂದಕುಂದಾಚಾರ್ಯರು ‘ಪ್ರವಚನಸಾರ’ದಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತಾರೆ. ಎಚ್ಚರವಿಲ್ಲದೆ ನಡೆದುಕೊಂಡವನಿಗೆ ಎದುರಿನ ಜೀವಿ ಸತ್ತರೂ ಬದುಕಿದರೂ ಹಿಂಸೆಯ ದೋಷ ತಪ್ಪದು. ಎಚ್ಚರದಿಂದ ನಡೆದವನಿಗೆ ಜೀವಹಾನಿ ಒಂದರಿಂದಲೇ ಕರ್ಮಬಂಧವಾಗದು ಎಂಬುದು ಅವರ ನಿಲುವು. ತತ್ತ್ವಾರ್ಥಸೂತ್ರಕ್ಕೆ ‘ಸರ್ವಾರ್ಥಸಿದ್ಧಿ’ ಎಂಬ ವ್ಯಾಖ್ಯಾನ ಬರೆದ ಪೂಜ್ಯಪಾದರೂ ಇದೇ ಮಾತನ್ನು ವಿವರಿಸುತ್ತಾರೆ: ಮುನಿಯೊಬ್ಬ ನೋಡಿ ಎತ್ತಿಟ್ಟ ಹೆಜ್ಜೆಯ ಕೆಳಗೆ ಎಲ್ಲಿಂದಲೋ ಬಂದ ಹುಳು ಸತ್ತರೆ ಆ ಮುನಿಗೆ ಅದರ ಬಂಧವಿಲ್ಲ. ಕರ್ನಾಟಕದ ಜೈನ ಪರಂಪರೆಯಲ್ಲಿ ದೊಡ್ಡ ಹೆಸರಾದ ಈ ಪೂಜ್ಯಪಾದರಿಗೆ ವೈದ್ಯಶಾಸ್ತ್ರಜ್ಞರೆಂಬ ಖ್ಯಾತಿಯೂ ಇದೆ. ಉಗ್ರಾದಿತ್ಯ ತನ್ನ ವೈದ್ಯಗ್ರಂಥ ‘ಕಲ್ಯಾಣಕಾರಕ’ದಲ್ಲಿ ಅವರನ್ನು ನೆನೆಯುತ್ತಾನೆ. ಹಿಂಸೆಯ ಇಷ್ಟು ಸೂಕ್ಷ್ಮ ವಿಚಾರಣೆಯೂ ಔಷಧದ ಜ್ಞಾನವೂ ಒಂದೇ ಹೆಸರಿನ ಸುತ್ತ ಕೂಡಿಕೊಂಡಿರುವುದು ಗಮನಿಸಬೇಕಾದ ಸಂಗತಿ.

ಈ ವಾದಕ್ಕೆ ಮೊದಲು ಏಳುವ ಆಕ್ಷೇಪ ಜೈನರ ಒಳಗಿನದೇ. ಇಷ್ಟೊಂದು ಎಚ್ಚರ ಮುನಿಗಳಿಗೆ ಹೇಳಿದ್ದು. ದುಡಿದು ತಿನ್ನುವ ಗೃಹಸ್ಥನಿಗೆ ಉದ್ಯೋಗದಲ್ಲಿ ಅನಿವಾರ್ಯವಾಗಿ ಆಗುವ ಹಿಂಸೆಯಿಂದ ವಿನಾಯಿತಿ ಇದೆಯಲ್ಲ ಎಂದು ಕೇಳಬಹುದು. ವಿನಾಯಿತಿ ಇರುವುದು ನಿಜ. ಆದರೆ ಅದು ಹೊಲ ಉಳುವಾಗ ಸಾಯುವ ಹುಳುಗಳಂಥ, ಎಷ್ಟು ಎಚ್ಚರ ವಹಿಸಿದರೂ ತಪ್ಪಿಸಲಾಗದ ಹಾನಿಗೆ ಸಂಬಂಧಿಸಿದ್ದು. ಒಂದು ಕ್ಷಣ ನಿಂತು ಓದಿದ್ದರೆ ತಪ್ಪುತ್ತಿದ್ದ ಹಾನಿಯನ್ನು ಅದರೊಳಗೆ ಸೇರಿಸಲು ಬರುವುದಿಲ್ಲ.

ಬೇರೆ ಅಂಗಡಿಗಳಿಗಿಂತ ಔಷಧಿ ಅಂಗಡಿಗೆ ಈ ಮಾತು ಹೆಚ್ಚು ಬಿಗಿಯಾಗಿ ಅನ್ವಯಿಸಲು ಕಾರಣವಿದೆ. ಮಾವಿನಹಣ್ಣನ್ನು ಕೊಳ್ಳುವವನು ಮೂಸಿ, ಒತ್ತಿ ನೋಡಬಲ್ಲ. ಮಾತ್ರೆಯನ್ನು ಕೊಳ್ಳುವವನಿಗೆ ಅಂಥ ಯಾವ ದಾರಿಯೂ ಇಲ್ಲ. ಅವನಿಗಿರುವುದು ನಂಬಿಕೆಯೊಂದೇ. ನಂಬತಕ್ಕ ಮಾತು ಯಾವುದು ಎಂದು ವಿಚಾರಿಸಿದ ನ್ಯಾಯ ದರ್ಶನ ಔಷಧವನ್ನೇ ಉದಾಹರಣೆಯಾಗಿ ಬಳಸಿಕೊಂಡಿದೆ: ಆಯುರ್ವೇದದ ಮಾತು ಹೇಗೆ ಪ್ರಮಾಣವೋ ಹಾಗೆ ವೇದವೂ ಪ್ರಮಾಣ, ಎರಡರ ಹಿಂದೆಯೂ ಆಪ್ತರು, ಅಂದರೆ ನಂಬತಕ್ಕವರು, ಇದ್ದಾರೆ ಎಂಬುದು ನ್ಯಾಯಸೂತ್ರದ ತರ್ಕ. ಆಪ್ತನಲ್ಲಿ ಇರಬೇಕಾದ ಗುಣಗಳನ್ನು ವಾತ್ಸ್ಯಾಯನನ ಭಾಷ್ಯ ಮೂರಾಗಿ ಹೇಳುತ್ತದೆ. ವಿಷಯವನ್ನು ತಾನೇ ಕಂಡು ಅರಿತಿರಬೇಕು; ಜೀವಿಗಳ ಮೇಲೆ ದಯೆ ಇರಬೇಕು; ಇದ್ದದ್ದನ್ನು ಇದ್ದಂತೆ ತಿಳಿಸುವ ಇಚ್ಛೆ ಇರಬೇಕು. ಇವುಗಳಲ್ಲಿ ದಯೆ ಮಾತ್ರ ಇದ್ದು ಅರಿವಿಲ್ಲದಿದ್ದರೆ ಆ ಮಾತು ನಂಬಲು ಯೋಗ್ಯವಲ್ಲ. ಕೌಂಟರಿನ ಹಿಂದೆ ನಿಂತವನು ಒಳ್ಳೆಯ ಮನುಷ್ಯ ಎಂಬ ಒಂದೇ ಕಾರಣಕ್ಕೆ ಅವನ ಕೈಯಿಂದ ಔಷಧ ತೆಗೆದುಕೊಳ್ಳುವುದು ಸಾಲದು ಎಂಬ ತೀರ್ಮಾನ ಇದರಲ್ಲೇ ಅಡಗಿದೆ.

ಚರಕಸಂಹಿತೆ ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳುತ್ತದೆ: ವೈದ್ಯ, ಔಷಧ, ಪರಿಚಾರಕ, ರೋಗಿ. ಔಷಧ ಮಾರುವವನಿಗೆ ಅಲ್ಲಿ ಬೇರೆ ಸ್ಥಾನವಿಲ್ಲ, ಏಕೆಂದರೆ ಔಷಧದ ಹೊಣೆ ವೈದ್ಯನದೇ ಆಗಿತ್ತು. ಯೂರೋಪಿನಲ್ಲಿ 13ನೇ ಶತಮಾನದಲ್ಲಿ ಎರಡನೇ ಫ್ರೆಡರಿಕ್ ಚಕ್ರವರ್ತಿ ತನ್ನ ಸಿಸಿಲಿ ರಾಜ್ಯದಲ್ಲಿ ವೈದ್ಯ ವೃತ್ತಿಯನ್ನೂ ಔಷಧಕಾರರ ವೃತ್ತಿಯನ್ನೂ ಕಾನೂನಿನಿಂದ ಬೇರ್ಪಡಿಸಿದ. ಭಾರತದಲ್ಲಿ ಆರ್.ಎನ್. ಚೋಪ್ರಾ ಅಧ್ಯಕ್ಷತೆಯ ಔಷಧ ವಿಚಾರಣಾ ಸಮಿತಿ 1930ರಲ್ಲಿ ನೇಮಕವಾಯಿತು. ಅದರ ಫಲವಾಗಿ 1940ರ ಔಷಧ ಕಾಯಿದೆ, 1945ರ ನಿಯಮಗಳು, ಸ್ವಾತಂತ್ರ್ಯಾನಂತರ 1948ರ ಫಾರ್ಮಸಿ ಕಾಯಿದೆ ಬಂದವು. ವೈದ್ಯನಿಗೂ ರೋಗಿಗೂ ನಡುವೆ ಹೀಗೆ ಐದನೆಯವನೊಬ್ಬ ಬಂದು ನಿಂತ. ಚೀಟಿಯನ್ನು ಎರಡನೆಯ ಸಲ ಓದುವ ಕಣ್ಣು ಅವನದು. ಚೀಟಿಯ ಮೇಲೆ ಕೊಡಬೇಕಾದ ಔಷಧವನ್ನು ನೋಂದಾಯಿತ ಫಾರ್ಮಸಿಸ್ಟ್ ಸ್ವತಃ ಕೊಡಬೇಕು, ಇಲ್ಲವೆ ಅವನ ಖುದ್ದು ಮೇಲ್ವಿಚಾರಣೆಯಲ್ಲಿ ಕೊಡಬೇಕು ಎಂದು ನಿಯಮ ಹೇಳುವುದು ಆ ಎರಡನೆಯ ಓದಿಗಾಗಿಯೇ. ಫಾರ್ಮಸಿಸ್ಟ್ ಸರ್ಟಿಫಿಕೇಟನ್ನು ಬಾಡಿಗೆಗೆ ಕೊಟ್ಟು ತಾನು ಬೇರೆಲ್ಲೋ ಕೆಲಸ ಮಾಡುವುದು, ಗೋಡೆಯ ಮೇಲೆ ಅವನ ಫೋಟೊ ಮಾತ್ರ ಇರುವುದು ನಮ್ಮ ಎಷ್ಟೋ ಊರುಗಳಲ್ಲಿ ಎಲ್ಲರಿಗೂ ಗೊತ್ತಿರುವ ವಿಚಾರ. ಯಾರಿಗೂ ಏನೂ ಆಗಿಲ್ಲವಲ್ಲ ಎಂಬ ಸಮರ್ಥನೆಗೆ ಕುಂದಕುಂದರ ಮಾತಿನ ಮುಂದೆ ನೆಲೆಯಿಲ್ಲ. ಆ ಅಂಗಡಿ ಬಾಗಿಲು ತೆರೆದ ಪ್ರತಿ ದಿನವೂ ದೋಷ ನಡೆಯುತ್ತಲೇ ಇರುತ್ತದೆ.

ಪ್ರಮಾದವನ್ನು ಬಿಡಬೇಕು ಎಂದು ಹೇಳಿಬಿಡುವುದು ಸುಲಭ. ಜೈನ ಆಚಾರಶಾಸ್ತ್ರದ ಹೆಚ್ಚುಗಾರಿಕೆ ಎಂದರೆ ಅದು ಎಚ್ಚರವನ್ನು ದೇಹದ ಚಲನೆಗಳ ಮಟ್ಟಕ್ಕೆ ಇಳಿಸಿ ಐದು ಸಮಿತಿಗಳಾಗಿ ವಿಂಗಡಿಸಿದ್ದು: ನಡೆಯುವುದರಲ್ಲಿ, ಮಾತಾಡುವುದರಲ್ಲಿ, ಆಹಾರವನ್ನು ಪರೀಕ್ಷಿಸಿ ಸ್ವೀಕರಿಸುವುದರಲ್ಲಿ, ವಸ್ತುವನ್ನು ಎತ್ತಿಕೊಳ್ಳುವುದರಲ್ಲಿ ಹಾಗೂ ಇಡುವುದರಲ್ಲಿ, ತ್ಯಾಜ್ಯವನ್ನು ಬಿಡುವುದರಲ್ಲಿ. ಮುನಿಗಳು ಕಮಂಡಲುವನ್ನು ಕೆಳಗಿಡುವ ಮೊದಲು ಆ ಜಾಗವನ್ನು ನವಿಲುಗರಿಯ ಪಿಂಛಿಯಿಂದ ಮೆಲ್ಲಗೆ ಗುಡಿಸುತ್ತಾರೆ. ಇದು ನಾಲ್ಕನೆಯದಾದ ಆದಾನ-ನಿಕ್ಷೇಪಣ ಸಮಿತಿ. ಔಷಧಿ ಅಂಗಡಿಯ ಕೆಲಸದ ಮುಕ್ಕಾಲು ಭಾಗ ಈ ಎತ್ತಿಕೊಳ್ಳುವುದು, ಇಡುವುದು.

ರ‍್ಯಾಕಿನಲ್ಲಿ ಔಷಧಗಳು ಅಕ್ಷರಾನುಕ್ರಮವಾಗಿ ಕೂತಿರುತ್ತವೆ. ಹೆಸರು ಹತ್ತಿರವಿದ್ದವು ಪಕ್ಕಪಕ್ಕ ಬರುತ್ತವೆ. ರಕ್ತದೊತ್ತಡಕ್ಕೆ ಕೊಡುವ ಹೈಡ್ರಾಲಜಿನ್, ತುರಿಕೆಗೆ ಕೊಡುವ ಹೈಡ್ರಾಕ್ಸಿಜಿನ್ ಇಂಥ ಜೋಡಿ. ಸಂಜೆ ಏಳರ ಹೊತ್ತಿಗೆ, ಕೌಂಟರಿನ ಮುಂದೆ ಹತ್ತು ಜನ ಚೀಟಿ ಚಾಚಿಕೊಂಡು ನಿಂತಿರುವಾಗ, ಅಭ್ಯಾಸದ ಕೈ ಹೆಸರಿನ ಮೊದಲ ಅರ್ಧವನ್ನು ಓದಿ ಎಳೆದುಕೊಳ್ಳುತ್ತದೆ. ಇಂಥ ಜೋಡಿಗಳನ್ನು ಬೇರೆ ಬೇರೆ ಕಡೆ ಇಡುವುದು, ಡಬ್ಬಿಯ ಮೇಲೆ ಕೆಂಪು ಚೀಟಿ ಅಂಟಿಸುವುದು, ಎತ್ತಿಕೊಳ್ಳುವಾಗ ಒಂದು ಸಲ, ಕವರಿಗೆ ಹಾಕುವಾಗ ಒಂದು ಸಲ, ಕೈಗೆ ಕೊಡುವಾಗ ಇನ್ನೊಂದು ಸಲ ಹೆಸರು ಓದುವುದು ಪಿಂಛಿಯಿಂದ ಗುಡಿಸುವ ಕೆಲಸವನ್ನು ಹೋಲುವಂಥದೇ. ಹತ್ತರಲ್ಲಿ ಒಂಬತ್ತು ಸಲ ಅಲ್ಲಿ ಹುಳು ಇರುವುದಿಲ್ಲ. ಆದರೂ ಗುಡಿಸಬೇಕು.

ಕತ್ತರಿಯ ಕೆಲಸವನ್ನೂ ನೋಡಬೇಕು. ಹತ್ತು ಮಾತ್ರೆಯ ಸ್ಟ್ರಿಪ್ಪಿನಲ್ಲಿ ನಾಲ್ಕು ಸಾಕು ಎಂದು ಗಿರಾಕಿ ಕೇಳುತ್ತಾನೆ. ಬಡವನಿಗೆ ಅಷ್ಟನ್ನೇ ಕತ್ತರಿಸಿ ಕೊಡುವುದು ನ್ಯಾಯವೂ ಹೌದು. ಬ್ಯಾಚ್ ನಂಬರು, ತಯಾರಾದ ತಿಂಗಳು, ಎಕ್ಸ್‌ಪೈರಿ ಬಹಳಷ್ಟು ಸ್ಟ್ರಿಪ್‌ಗಳಲ್ಲಿ ಒಂದು ತುದಿಯಲ್ಲಿ ಮಾತ್ರ ಅಚ್ಚಾಗಿರುತ್ತವೆ. ಆ ತುದಿಯಿಂದ ಕತ್ತರಿಸಿದರೆ ಅಂಗಡಿಯಲ್ಲಿ ಉಳಿದ ಆರು ಮಾತ್ರೆಗಳಿಗೆ ಹುಟ್ಟೂ ಇಲ್ಲ, ಕೊನೆಯೂ ಇಲ್ಲ. ವರ್ಷ ಕಳೆದ ಮೇಲೂ ಅವು ಡಬ್ಬಿಯಲ್ಲಿ ಹೊಸದರಂತೆ ಕೂತಿರುತ್ತವೆ. ಇನ್ನೊಂದು ತುದಿಯಿಂದ ಕತ್ತರಿಸಿದರೆ ಗಿರಾಕಿಯ ಕೈಗೆ ಹೋದ ನಾಲ್ಕಕ್ಕೆ ಆ ಗತಿ, ಹಾಗಾಗಿ ಅವನ ಕವರಿನ ಮೇಲೆ ಎಕ್ಸ್‌ಪೈರಿಯನ್ನೂ ಬ್ಯಾಚ್ ನಂಬರನ್ನೂ ಬರೆದುಕೊಡಬೇಕಾಗುತ್ತದೆ. ಕತ್ತರಿ ಯಾವ ಕಡೆಯಿಂದ ಹೋಯಿತು ಎಂಬುದಕ್ಕೆ ಯಾವ ಶಾಸ್ತ್ರದಲ್ಲೂ ಪ್ರತ್ಯೇಕ ವಿಧಿ ಇಲ್ಲ. ಯತ್ನಾಚಾರ, ಅಂದರೆ ಎಚ್ಚರದ ನಡೆ, ಎಂದು ಜೈನರು ಹೇಳುವುದು ನೆಲೆಗೊಳ್ಳಬೇಕಾದದ್ದು ಇಂಥ ಕಡೆಯೇ.

ಶಾಖದ ವಿಚಾರ ಇನ್ನೂ ಕಷ್ಟದ್ದು, ಏಕೆಂದರೆ ಅದರ ಹಾನಿ ಕಣ್ಣಿಗೆ ಬೀಳುವುದಿಲ್ಲ. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿ ಸೆಲ್ಸಿಯಸ್ ನಡುವೆ ಇರಬೇಕು. ಹೆಪ್ಪುಗಟ್ಟಿ ಕರಗಿದರೂ ಅದು ಕೆಟ್ಟಂತೆಯೇ, ನೋಡಲು ಮೊದಲಿನಂತೆ ಕಂಡರೂ ಬಳಸಬಾರದು. ಸಾಮಾನ್ಯ ಮಾತ್ರೆಗಳಲ್ಲೂ ಹಲವನ್ನು 30 ಡಿಗ್ರಿಯ ಒಳಗೆ ಇಡಬೇಕೆಂದು ಲೇಬಲ್ಲಿನ ಮೇಲೆಯೇ ಬರೆದಿರುತ್ತದೆ. ರಾಯಚೂರು, ಕಲಬುರಗಿಗಳಲ್ಲಿ ಏಪ್ರಿಲ್-ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟುತ್ತದೆ. ಶಟರ್ ಎಳೆದ ತಗಡಿನ ಮಾಡಿನ ಅಂಗಡಿಯೊಳಗೆ ಮಧ್ಯಾಹ್ನ ಎಷ್ಟಿರುತ್ತದೆಂದು ಅಲ್ಲಿ ಥರ್ಮಾಮೀಟರ್ ತೂಗುಹಾಕದೆ ಗೊತ್ತಾಗುವುದಿಲ್ಲ. ಕೆಟ್ಟ ಇನ್ಸುಲಿನ್ ಚುಚ್ಚಿಕೊಂಡವನ ಸಕ್ಕರೆ ಏರಿದರೆ ತಪ್ಪು ಅವನ ಊಟದ ಮೇಲೆ ಹೋಗುತ್ತದೆ, ಇಲ್ಲವೆ ಡಾಕ್ಟರರ ಮೇಲೆ. ಅಂಗಡಿಯ ತನಕ ಯಾರೂ ಬರುವುದಿಲ್ಲ. ದಿನಕ್ಕೆ ಎರಡು ಸಲ ಫ್ರಿಜ್ಜಿನ ಉಷ್ಣತೆಯನ್ನು ಪುಸ್ತಕದಲ್ಲಿ ಬರೆದಿಡುವುದು ಬೇಸರದ ಕೆಲಸವಾದರೂ ಯಾರೂ ಪತ್ತೆಹಚ್ಚಲಾಗದ ಹಾನಿಯನ್ನು ತಡೆಯಲು ಬೇರೆ ದಾರಿ ಕಾಣುವುದಿಲ್ಲ. ಬರಿಯ ಒಳ್ಳೆಯತನ ಇಲ್ಲಿ ನಿರುಪಯೋಗಿ. ಮನಸ್ಸು ಎಷ್ಟು ಶುದ್ಧವಿದ್ದರೂ ಅದಕ್ಕೆ ಫ್ರಿಜ್ಜಿನ ಒಳಗಿನ ಉಷ್ಣತೆ ತಿಳಿಯುವುದಿಲ್ಲ.

ಮಾತಿನ ಎಚ್ಚರವಾದ ಭಾಷಾ ಸಮಿತಿಗೆ ಮೆಥೋಟ್ರೆಕ್ಸೇಟ್ ಮಾತ್ರೆಗಿಂತ ಗಂಭೀರವಾದ ಉದಾಹರಣೆ ಸಿಗಲಾರದು. ಕೀಲುವಾತಕ್ಕೆ ಇದನ್ನು ವಾರಕ್ಕೆ ಒಂದೇ ದಿನ ತೆಗೆದುಕೊಳ್ಳಬೇಕು. ದಿನಾ ನುಂಗಿದರೆ ಬಾಯಲ್ಲಿ ಹುಣ್ಣೇಳುತ್ತದೆ, ಮೂಳೆಮಜ್ಜೆ ರಕ್ತಕಣಗಳನ್ನು ಮಾಡುವುದನ್ನು ನಿಲ್ಲಿಸುತ್ತದೆ, ಸಾವೂ ಬರಬಹುದು. ಬಿ.ಪಿ., ಶುಗರ್ ಮಾತ್ರೆಗಳನ್ನು ದಿನಾ ನುಂಗಿ ರೂಢಿಯಾದ ವಯಸ್ಸಾದವರಿಗೆ ವಾರಕ್ಕೊಮ್ಮೆಯ ಮಾತ್ರೆ ಎಂಬುದೇ ಹೊಸತು. ಕವರಿನ ಮೇಲೆ ಎಂದಿನಂತೆ 1-0-0 ಎಂದು ಗೀಚಿದರೆ ಅದನ್ನು ಅವರು ದಿನಾ ಬೆಳಿಗ್ಗೆ ಎಂದೇ ಓದುತ್ತಾರೆ. ‘ಅಜ್ಜಿ, ಇದು ಸೋಮವಾರ ಮಾತ್ರ, ಬೇರೆ ದಿನ ಮುಟ್ಟಬೇಡಿ’ ಎಂದು ವಾರದ ಹೆಸರು ಹೇಳಿ, ಕನ್ನಡದಲ್ಲಿ ಬರೆದು, ಅವರಿಂದಲೇ ಒಂದು ಸಲ ತಿರುಗಿ ಹೇಳಿಸಬೇಕು. ಇದಕ್ಕೆ ಅರ್ಧ ನಿಮಿಷ ಸಾಕು. ರೋಗಿಗೆ ತಿಳಿವಳಿಕೆ ಹೇಳುವುದನ್ನು 2015ರ ಫಾರ್ಮಸಿ ಪ್ರಾಕ್ಟೀಸ್ ನಿಯಮಾವಳಿ ಫಾರ್ಮಸಿಸ್ಟನ ಕರ್ತವ್ಯವೆಂದೇ ಹೇಳಿದೆ. ಕಂಡು ಅರಿತಿರುವುದು, ದಯೆ, ಇದ್ದದ್ದನ್ನು ಇದ್ದಂತೆ ತಿಳಿಸುವ ಇಚ್ಛೆ ಎಂಬ ವಾತ್ಸ್ಯಾಯನನ ಮೂರು ಗುಣಗಳೂ ಆ ಅರ್ಧ ನಿಮಿಷದಲ್ಲಿ ಬೇಕಾಗುತ್ತವೆ.

ಮುನಿ ತನಗೆ ನೀಡಿದ ಆಹಾರವನ್ನು ಪರೀಕ್ಷಿಸಿ ಸ್ವೀಕರಿಸುವಂತೆ ಅಂಗಡಿಯವನು ಬಂದ ಸ್ಟಾಕನ್ನು ಪರೀಕ್ಷಿಸಬೇಕು. ಆದರೆ ಈ ಪರೀಕ್ಷೆಗೆ ಮಿತಿ ಇದೆ. 1937ರಲ್ಲಿ ಅಮೆರಿಕದಲ್ಲಿ ಸಲ್ಫಾನಿಲಮೈಡ್ ಔಷಧವನ್ನು ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷದ್ರವದಲ್ಲಿ ಕರಗಿಸಿ ಮಾರಿದಾಗ ನೂರಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಅನೇಕರು ಮಕ್ಕಳು. ತಯಾರಕರು ಅದರ ವಿಷತ್ವವನ್ನು ಪರೀಕ್ಷಿಸಿಯೇ ಇರಲಿಲ್ಲ. ಪರೀಕ್ಷಿಸಬೇಕೆಂದು ಆಗಿನ ಕಾನೂನು ಹೇಳಿಯೂ ಇರಲಿಲ್ಲ. ಆಲ್ಕೋಹಾಲ್ ಇಲ್ಲದ ಔಷಧವನ್ನು ಎಲಿಕ್ಸಿರ್ ಎಂದು ಕರೆದದ್ದಷ್ಟೇ ಕಾನೂನಿನ ಕಣ್ಣಿಗೆ ತಪ್ಪಾಗಿ ಕಂಡಿತು. ನಿಯಮ ಇಲ್ಲದ ಕಡೆ ಪ್ರಮಾದ ಎಷ್ಟು ನಿರಾಳವಾಗಿ ನಡೆಯಬಲ್ಲದು ಎಂಬುದಕ್ಕೆ ಇದಕ್ಕಿಂತ ಘೋರವಾದ ಸಾಕ್ಷಿ ಕಡಿಮೆ. ಮರುವರ್ಷವೇ ಅಲ್ಲಿ ಹೊಸ ಕಾನೂನು ಬಂತು. ಅದೇ ವಿಷ 1986ರಲ್ಲಿ ಗ್ಲಿಸರಾಲ್‌ನಲ್ಲಿ ಸೇರಿ ಮುಂಬಯಿಯ ಜೆ.ಜೆ. ಆಸ್ಪತ್ರೆಯ ರೋಗಿಗಳನ್ನು ಬಲಿ ತೆಗೆದುಕೊಂಡಿತು. 2022ರಲ್ಲಿ ಗ್ಯಾಂಬಿಯಾದ ಮಕ್ಕಳ ಸಾವಿನ ನಂತರ ಭಾರತದಲ್ಲಿ ತಯಾರಾದ ಕೆಮ್ಮಿನ ಸಿರಪ್‌ಗಳ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಕೆ ಹೊರಡಿಸಿತು. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡಾಗ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಸಂಶಯ ಬಿದ್ದು ಅದರ ಬಳಕೆಯನ್ನು ತಡೆಹಿಡಿಯಲಾಯಿತು. ಇಂಥ ಬಾಟಲಿಯೊಳಗಿನದು ಅದನ್ನು ಕೈಯಲ್ಲಿ ಹಿಡಿದವನಿಗೆ ಕಾಣುವುದಿಲ್ಲ. ಲೈಸೆನ್ಸ್ ಇರುವ ಹೋಲ್‌ಸೇಲರನಿಂದ ಬಿಲ್ಲಿನ ಮೇಲೆ ಕೊಂಡು, ಬ್ಯಾಚ್ ನಂಬರನ್ನು ತಾಳೆ ನೋಡಿ, ಔಷಧ ನಿಯಂತ್ರಣ ಇಲಾಖೆಯ ಸೂಚನೆ ಬಂದ ದಿನವೇ ಆ ಬ್ಯಾಚನ್ನು ಕೆಳಗಿಳಿಸಿದ ಅಂಗಡಿಯವನಿಗೆ ಆ ಸಾವಿನ ಹೊಣೆ ಅಂಟುವುದಿಲ್ಲ. ಎಚ್ಚರದಿಂದ ನಡೆದವನಿಗೆ ಬಂಧವಿಲ್ಲ ಎಂಬ ಸಿದ್ಧಾಂತದ ಅರ್ಧಭಾಗವನ್ನು ಮರೆತರೆ ಎಲ್ಲ ಅನಾಹುತಕ್ಕೂ ಕೈಗೆ ಸಿಕ್ಕವನನ್ನೇ ದೂರುವ ಅನ್ಯಾಯ ಆಗುತ್ತದೆ.

ಬಿಲ್ಲಿಲ್ಲದೆ ಅಗ್ಗಕ್ಕೆ ಸಿಕ್ಕಿತೆಂದು ಕೊಂಡವನ ಮಾತು ಬೇರೆ. ತತ್ತ್ವಾರ್ಥಸೂತ್ರ ಅಚೌರ್ಯ ವ್ರತದ ಅತಿಚಾರಗಳನ್ನು, ಅಂದರೆ ಲೋಪಗಳನ್ನು, ಎಣಿಸುವಾಗ ಕಳ್ಳಮಾಲು ಕೊಳ್ಳುವುದು, ರಾಜ್ಯದ ಕಟ್ಟಳೆ ಮೀರುವುದು, ತೂಕ-ಅಳತೆಯಲ್ಲಿ ಮೋಸ ಇವುಗಳ ಜೊತೆಗೆ ಅಸಲಿನಂತೆ ಕಾಣುವ ನಕಲಿ ವಸ್ತುವಿನ ವ್ಯವಹಾರವನ್ನೂ ಸೇರಿಸಿದೆ. ಕೌಟಿಲ್ಯನ ಅರ್ಥಶಾಸ್ತ್ರವೂ ಔಷಧದ್ರವ್ಯಗಳಲ್ಲಿ ಬಣ್ಣ ಹೋಲುವ ಬೇರೆ ವಸ್ತು ಬೆರೆಸುವವನಿಗೆ 12 ಪಣ ದಂಡ ವಿಧಿಸುತ್ತದೆ. ಬಡ ಹಾಗೂ ಮಧ್ಯಮ ಆದಾಯದ ದೇಶಗಳಲ್ಲಿ ಹತ್ತರಲ್ಲಿ ಒಂದು ವೈದ್ಯಕೀಯ ಉತ್ಪನ್ನ ಕಳಪೆ ಅಥವಾ ನಕಲಿ ಎಂದು 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿತು. ಭಾರತದಲ್ಲಿ 2008ರ ತಿದ್ದುಪಡಿಯ ನಂತರ, ನಕಲಿ ಔಷಧದಿಂದ ಸಾವು ಸಂಭವಿಸಿದರೆ ಕನಿಷ್ಠ 10 ವರ್ಷ, ಗರಿಷ್ಠ ಜೀವಾವಧಿ ಶಿಕ್ಷೆ ಇದೆ. 2023ರ ಆಗಸ್ಟಿನಿಂದ 300 ಪ್ರಮುಖ ಬ್ರ್ಯಾಂಡುಗಳ ಮೇಲೆ ಕ್ಯೂಆರ್ ಕೋಡ್ ಕಡ್ಡಾಯವಾಗಿದೆ.

ಬಿಸಾಡುವುದಕ್ಕೂ ಸಮಿತಿ ಇದೆ ಎಂಬುದು ಜೈನರ ವಿಶೇಷ. ಅವಧಿ ಮುಗಿದ ಔಷಧವನ್ನು ಬೇರೆ ಪೆಟ್ಟಿಗೆಯಲ್ಲಿಟ್ಟು ಮಾರಾಟಕ್ಕಲ್ಲ ಎಂದು ಬರೆದು ಕಂಪನಿಗೆ ವಾಪಸು ಕಳಿಸಬೇಕೇ ಹೊರತು ಚರಂಡಿಗೆ ಸುರಿಯುವಂತಿಲ್ಲ. ದಾನ ಮಾಡುವಂತೆಯೂ ಇಲ್ಲ. ಆಹಾರ, ಅಭಯ, ಔಷಧ, ಶಾಸ್ತ್ರ ಎಂಬ ಚತುರ್ವಿಧ ದಾನದ ಹೊಗಳಿಕೆ ಕರ್ನಾಟಕದ ಜೈನ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಆದರೆ ಕೊಡುವವನ ಭಾವದಷ್ಟೇ ಕೊಡುವ ವಸ್ತುವಿನ ಯೋಗ್ಯತೆಯನ್ನೂ ದಾನದ ವಿಚಾರದಲ್ಲಿ ನೋಡುತ್ತಾರೆ. 1992ರಿಂದ 1996ರವರೆಗೆ ಬೋಸ್ನಿಯಾಕ್ಕೆ ಕರುಣೆಯ ಹೆಸರಿನಲ್ಲಿ ಹರಿದುಬಂದ ಔಷಧಗಳಲ್ಲಿ ಸುಮಾರು 17,000 ಟನ್ ಬಳಕೆಗೆ ಬಾರದವಾಗಿದ್ದವು. ದಾನವಾಗಿ ಬಂದ ಔಷಧಕ್ಕೆ ಬಂದು ತಲುಪಿದ ದಿನ ಕನಿಷ್ಠ ಒಂದು ವರ್ಷದ ಆಯಸ್ಸು ಉಳಿದಿರಬೇಕೆಂಬ ಸೂತ್ರವನ್ನು ವಿಶ್ವ ಆರೋಗ್ಯ ಸಂಸ್ಥೆ 1996ರ ಮಾರ್ಗಸೂಚಿಯಲ್ಲಿ ಇಟ್ಟಿತು.

ಎಲ್ಲಕ್ಕಿಂತ ಕಠಿಣವಾದ ಪ್ರಶ್ನೆ ನಿಯಮಕ್ಕೂ ದಯೆಗೂ ಜಗಳ ಬಂದಾಗಿನದು. ರಾತ್ರಿ ಹತ್ತು ಗಂಟೆಗೆ ಆಸ್ತಮಾ ರೋಗಿಯ ಮಗ ಓಡಿಬರುತ್ತಾನೆ. ಇನ್ಹೇಲರ್ ಮುಗಿದಿದೆ, ಚೀಟಿ ತಂದಿಲ್ಲ. ಅದೇ ಹೊತ್ತಿಗೆ ಇನ್ನೊಬ್ಬ ಮಗುವಿನ ಜ್ವರಕ್ಕೆ ಎರಡು ಆಂಟಿಬಯಾಟಿಕ್ ಮಾತ್ರೆ ಕೊಡಿ ಎನ್ನುತ್ತಾನೆ, ಚೀಟಿ ಅವನಲ್ಲೂ ಇಲ್ಲ. ನಿಯಮದ ಅಕ್ಷರದ ಪ್ರಕಾರ ಇಬ್ಬರೂ ಒಂದೇ. ಧರ್ಮದ ದೃಷ್ಟಿಯಲ್ಲಿ ಇಬ್ಬರೂ ಒಂದಲ್ಲ. ಮೊದಲನೆಯವನಿಗೆ ಇಲ್ಲ ಎಂದರೆ ಎದುರಿಗೇ ಹಾನಿ ಇದೆ, ಕೊಟ್ಟರೆ ಆಗುವ ಅಪಾಯ ಅಲ್ಪ. ಬ್ರಿಟನ್ನಿನ ಕಾನೂನು ಇಂಥ ತುರ್ತಿನಲ್ಲಿ, ಹಿಂದೆ ವೈದ್ಯರು ಬರೆದುಕೊಟ್ಟ ಔಷಧವನ್ನು ಸ್ವಲ್ಪ ಪ್ರಮಾಣದಲ್ಲಿ ಫಾರ್ಮಸಿಸ್ಟನ ವಿವೇಚನೆಯ ಮೇಲೆ ಕೊಡಲು ಅವಕಾಶ ಮಾಡಿ, ಅದನ್ನು ದಾಖಲಿಸಬೇಕೆಂದು ವಿಧಿಸಿದೆ. ದಯೆ ನಿಯಮದ ಹೊರಗೇ ನಿಲ್ಲಬೇಕಾಗಿಲ್ಲ, ಒಳಗೂ ಬರಬಲ್ಲದು ಎಂಬುದನ್ನು ಇದು ತೋರಿಸುತ್ತದೆ. ನಮ್ಮ ನಿಯಮಗಳಲ್ಲಿಯೂ ಇಂಥದೊಂದು ಬಾಗಿಲು ಇರಬೇಕು. ಎರಡನೆಯವನಿಗೆ ಕೊಡುವ ಎರಡು ಮಾತ್ರೆಯಲ್ಲಿ ಮಾತ್ರ ದಯೆ ಇಲ್ಲ. ಅರೆಬರೆ ತೆಗೆದುಕೊಂಡ ಆಂಟಿಬಯಾಟಿಕ್‌ಗೆ ಬಗ್ಗದ ರೋಗಾಣುಗಳು ಬೆಳೆಯುತ್ತವೆ. ಹಾನಿ ಉಣ್ಣುವವರು ಆ ಕೌಂಟರಿಗೆ ಎಂದೂ ಬರದ ಜನ. ಔಷಧ ನಿಯಮಗಳಲ್ಲಿ 2014ರಿಂದ ಜಾರಿಯಲ್ಲಿರುವ ಎಚ್-1 ಪಟ್ಟಿಯ ಔಷಧಗಳಿಗೆ ವೈದ್ಯರ, ರೋಗಿಯ ಹೆಸರು ಬರೆದು ಆ ದಾಖಲೆಯನ್ನು ಮೂರು ವರ್ಷ ಕಾಪಾಡಬೇಕೆನ್ನುವುದು, ಆಂಟಿಬಯಾಟಿಕ್ ಸ್ಟ್ರಿಪ್ಪಿನ ಮೇಲೆ ಕೆಂಪು ಗೆರೆ ಎಳೆದಿರುವುದು ಅವರಿಗಾಗಿ. ಕಣ್ಣಿಗೆ ಕಾಣದ ಜೀವಿಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂದು ಸಾವಿರಾರು ವರ್ಷಗಳಿಂದ ಹೇಳುತ್ತ ಬಂದ ಪರಂಪರೆಗೆ ಕಾಣದ ಮನುಷ್ಯರ ಲೆಕ್ಕ ಹಿಡಿಯುವುದು ಹೊಸದಾಗಬಾರದು.

ಇಷ್ಟೆಲ್ಲ ಇದ್ದೂ ತಪ್ಪು ಆಗುತ್ತದೆ. ಆಗ ಏನು ಮಾಡಬೇಕೆಂಬುದಕ್ಕೆ ಕಾನೂನಿಗಿಂತ ಧರ್ಮದಲ್ಲಿ ಒಳ್ಳೆಯ ಉತ್ತರವಿದೆ. ಕಾನೂನು ಹೆಚ್ಚಾಗಿ ಫಲ ನೋಡಿ ಶಿಕ್ಷೆಯ ತೂಕ ನಿರ್ಧರಿಸುತ್ತದೆ. ಒಂದೇ ಬಗೆಯ ಅಜಾಗರೂಕತೆ ಒಬ್ಬನ ಕೈಯಲ್ಲಿ ಸಾವಾಗಿ, ಇನ್ನೊಬ್ಬನ ಕೈಯಲ್ಲಿ ಏನೂ ಆಗದೆ ಮುಗಿದರೆ ಮೊದಲನೆಯವನಿಗೆ ಜೈಲು, ಎರಡನೆಯವನಿಗೆ ಏನೂ ಇಲ್ಲ. ಬರ್ನಾರ್ಡ್ ವಿಲಿಯಮ್ಸ್, ಥಾಮಸ್ ನೇಗಲ್ ಎಂಬ ತತ್ತ್ವಜ್ಞರು 1976ರಲ್ಲಿ ಈ ತೊಡಕನ್ನೇ ಎತ್ತಿ ಚರ್ಚಿಸಿದರು. ಜೈನ ಆಚಾರದಲ್ಲಿ ಫಲ ಏನೇ ಆಗಿರಲಿ, ದಿನದ ಪ್ರಮಾದಗಳನ್ನು ನೆನೆದು ಒಪ್ಪಿಕೊಂಡು ತಿದ್ದಿಕೊಳ್ಳುವ ಪ್ರತಿಕ್ರಮಣ ಎಂಬ ನಿತ್ಯವಿಧಿ ಇದೆ. ಔಷಧಿ ಅಂಗಡಿಯಲ್ಲಿ ಇದಕ್ಕೆ ಸಮನಾದದ್ದು ತಪ್ಪಿಹೋದ ತಪ್ಪುಗಳ ಪುಸ್ತಕ: ಬೇರೆ ಡೋಸಿನ ಡಬ್ಬಿ ಕೈಗೆ ಬಂದು ಕವರಿಗೆ ಹಾಕುವಾಗ ಗೊತ್ತಾಯಿತು ಎಂಬಂಥದನ್ನು ಬರೆದಿಟ್ಟು, ವಾರಕ್ಕೊಮ್ಮೆ ಎಲ್ಲರೂ ಕೂತು ಓದಿ, ರ‍್ಯಾಕಿನ ಜೋಡಣೆಯನ್ನೇ ಬದಲಿಸುವುದು. ಒಪ್ಪಿಕೊಂಡ ಹುಡುಗನನ್ನು ಮಾಲೀಕ ಕೆಲಸದಿಂದ ತೆಗೆದರೆ ಮಾರನೆಯ ದಿನದಿಂದ ಯಾರೂ ಬರೆಯುವುದಿಲ್ಲ, ತಪ್ಪುಗಳು ಮಾತ್ರ ಎಂದಿನಂತೆ ನಡೆಯುತ್ತವೆ. ಔಷಧ ಸೇವಿಸಿದ ಮೇಲೆ ಕಂಡ ದುಷ್ಪರಿಣಾಮವನ್ನು ವರದಿ ಮಾಡಲು 2010ರಲ್ಲಿ ರಾಷ್ಟ್ರೀಯ ಔಷಧ ಜಾಗರೂಕತಾ ಕಾರ್ಯಕ್ರಮ ಆರಂಭವಾಗಿದೆ. ಗಾಜಿಯಾಬಾದಿನ ಭಾರತೀಯ ಫಾರ್ಮಕೋಪಿಯಾ ಆಯೋಗ ಅದನ್ನು ನಡೆಸುತ್ತದೆ. ವೈದ್ಯರು ಮಾತ್ರವಲ್ಲ, ಫಾರ್ಮಸಿಸ್ಟರೂ ರೋಗಿಗಳೂ ಅದಕ್ಕೆ ನೇರವಾಗಿ ವರದಿ ಕಳಿಸಬಹುದು. ಕೌಂಟರಿಗೆ ಬಂದು ‘ಈ ಮಾತ್ರೆ ತಗೊಂಡ ಮೇಲೆ ಮೈಯೆಲ್ಲ ಗಂಧೆ ಎದ್ದಿತು’ ಎಂದು ಹೇಳಿದವರ ಮಾತನ್ನು ಬೇರೆ ಕಂಪನಿಯದು ಕೊಟ್ಟು ಕಳಿಸುವುದರಲ್ಲಿ ಮುಗಿಸದೆ, ಬ್ಯಾಚ್ ನಂಬರು ಸಮೇತ ಆ ಕಾರ್ಯಕ್ರಮದ ವರದಿ ನಮೂನೆಯಲ್ಲಿ ತುಂಬಿ ಕಳಿಸುವುದೂ ಅಂಗಡಿಯವನ ಕೆಲಸದಲ್ಲೇ ಸೇರಿದೆ.